ವಾಸಿವಿಯೇರ್ ಸುತ್ತಿನ ರಸ್ತೆಗಳು: ಬೆನ್ನ ಹಿಂದಿನ ಭಯವಿಲ್ಲದೆ ಸೈಕಲ್ ತುಳಿಯಲು

ಕಾರುಗಳ ಕಾಟವಿಲ್ಲದೆ, ಒಳ್ಳೆಯ ಟಾರು ರಸ್ತೆಯ ಮೇಲೆ, ಬೆಳಗಿನಿಂದ ಸಂಜೆಯವರೆಗೆ ಸೈಕಲ್ ತುಳಿಯಬೇಕು ಅನ್ನುವವರು ಕೇಳಿದರೆ ಫ್ರಾನ್ಸಿನಲ್ಲಿ ನಾನು ಮೊದಲು ಹೇಳುವ ಹೆಸರು ವಾಸಿವಿಯೇರ್ ಸರೋವರ. ದೇಶದ ನಡುಮಧ್ಯದ ಲಿಮೂಜಾಂ ಪ್ರಾಂತ್ಯದಲ್ಲಿದೆ. ನಾವಿರುವುದು ಟುಲೂಜ್‌ನಲ್ಲಿ, ಪಿರಿನೀಸ್ ಬೆಟ್ಟಗಳು ನಮಗೆ ಹತ್ತಿರ, ಹೆಸರಾಂತ ಘಾಟಿಗಳೆಲ್ಲ ಅಲ್ಲೇ ಇವೆ. ಆದರೂ ನಾಲ್ಕು ದಿನ ರಜೆ ಸಿಕ್ಕಿತೆಂದರೆ ನಮ್ಮವರೂ ನಾನೂ ಸೈಕಲ್ ಹಿಡಿದು ಉತ್ತರದ ರೈಲು ಹತ್ತುತ್ತೇವೆ. ಹೆಸರಾಂತ ಘಾಟಿಗೆ ಬೇಸಿಗೆಯಲ್ಲಿ ಊರೆಲ್ಲ ಹೋಗುತ್ತದೆ, ಮೋಟಾರ್ ಬೈಕುಗಳ ದಂಡೂ ಬರುತ್ತದೆ. ಇಲ್ಲಿ ಯಾರೂ ಬರುವುದಿಲ್ಲ.

ಸೈಕಲ್ಲಿಗೆಂದೇ ಮಾಡಿದ ಹಾದಿಗಳು ಫ್ರಾನ್ಸಿನಲ್ಲಿ ಬೇಕಾದಷ್ಟಿವೆ. ಹಳೆಯ ರೈಲು ಹಳಿ ಕಿತ್ತು, ಕಾಲುವೆ ದಂಡೆ ಸಮಮಾಡಿ ಹಾಕಿದವು. ಮಕ್ಕಳ ಜೊತೆ ಹೋಗಲು ಅವು ಚೆನ್ನ. ಆದರೆ ಭಾನುವಾರ ಅಲ್ಲಿ ಮಗುವಿನ ತಳ್ಳುಗಾಡಿ, ನಾಯಿ, ಸ್ಕೇಟು ಎಲ್ಲ ಇರುತ್ತವೆ, ಏರಿಳಿತವೂ ಇರುವುದಿಲ್ಲ. ವಾಸಿವಿಯೇರ್ ಕಡೆಯದು ಅಂಥ ಹಾದಿ ಅಲ್ಲ. ನಕಾಶೆಯಲ್ಲಿ ಬಿಳಿ ಗೆರೆಯಾಗಿ ಕಾಣುವ ಮಾಮೂಲಿ ಹಳ್ಳಿ ರಸ್ತೆಗಳು. ಕಾರು ಹೋಗಲು ಯಾವ ತಡೆಯೂ ಇಲ್ಲ, ಹೋಗುವ ಕಾರುಗಳೇ ಇಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಎದುರಾಗುವ ಗಾಡಿಗಳನ್ನು ಬೆರಳಲ್ಲಿ ಎಣಿಸಬಹುದು, ಅದರಲ್ಲೊಂದು ಅಂಚೆಯವರ ಹಳದಿ ವ್ಯಾನು.

ಇದಕ್ಕೆ ಕಾರಣ ಆ ನೆಲದ ಚರಿತ್ರೆಯಲ್ಲಿದೆ, ಅದನ್ನು ತಿಳಿದುಕೊಂಡು ಹೋದರೆ ರಸ್ತೆ ಬೇರೆಯದೇ ಆಗಿ ಕಾಣುತ್ತದೆ. ಸರೋವರದ ಒಂದು ದಡ ಓತ್-ವಿಯೆನ್ ಜಿಲ್ಲೆಗೆ, ಇನ್ನೊಂದು ಕ್ರೂಜ್ ಜಿಲ್ಲೆಗೆ ಸೇರಿದೆ. ಕ್ರೂಜ್‌ನಲ್ಲಿ 1851ರಲ್ಲಿ 2,87,000 ಜನರಿದ್ದರು. ಈಗ ಉಳಿದಿರುವುದು ಸುಮಾರು 1,15,000. ಇಲ್ಲಿನ ನೆಲ ಬಡ ನೆಲ, ಕೆಳಗೆಲ್ಲ ಗ್ರಾನೈಟ್ ಕಲ್ಲು. ಗಂಡಸರು ವಸಂತ ಬಂದೊಡನೆ ಗಾರೆ ಕೆಲಸಕ್ಕೆ ಪ್ಯಾರಿಸ್ಸಿಗೆ ನಡೆದುಕೊಂಡೇ ಹೋಗುತ್ತಿದ್ದರು, ಚಳಿಗಾಲಕ್ಕೆ ಮನೆಗೆ ಮರಳುತ್ತಿದ್ದರು. ರೈಲು ಬಂದಮೇಲೆ ಹೋದವರು ಹೆಂಡತಿ ಮಕ್ಕಳನ್ನೂ ಕರೆಸಿಕೊಂಡು ಅಲ್ಲೇ ಉಳಿದರು. ಮೊದಲ ಮಹಾಯುದ್ಧ ಇನ್ನಷ್ಟು ಗಂಡಸರನ್ನು ನುಂಗಿತು. ಕುರಿ ಮೇಯುತ್ತಿದ್ದ ಬಯಲುಗಳು ಬೀಳುಬಿದ್ದವು, ಅಲ್ಲಿ ಸ್ಪ್ರೂಸ್, ಡಗ್ಲಾಸ್ ಮರಗಳನ್ನು ನೆಟ್ಟರು. ನಾವು ಇವತ್ತು ಗಾಢ ಅರಣ್ಯ ಎಂದು ಬೆರಗಾಗುವ ಜಾಗದಲ್ಲಿ ಬಹುಪಾಲು ಹೀಗೆ ನೆಟ್ಟ ಕಾಡೇ. ಜನ ಹೋದರು, ರಸ್ತೆ ಉಳಿಯಿತು. ನಾಲ್ಕೇ ಮನೆಗಳ ಕೊಪ್ಪಲಿಗೂ ಒಂದು ಟಾರು ರಸ್ತೆ, ಆ ಕೊಪ್ಪಲಿನಿಂದ ಮುಂದಿನದಕ್ಕೆ ಇನ್ನೊಂದು. ದಿನಕ್ಕೊಂದು ಹೊಸ ಸುತ್ತು ಹಾಕಿದರೂ ಮುಗಿಯದಷ್ಟು ರಸ್ತೆಗಳು ಹೀಗೆ ಸಿಕ್ಕಿವೆ. ಬಾಗಿಲು ಮುಚ್ಚಿದ ಕಲ್ಲುಮನೆಗಳ ಮುಂದೆ ಸೈಕಲ್ ನಿಧಾನಿಸಿದಾಗ ನನಗೆ ಸಂಕಟವೂ ಆಗುತ್ತದೆ. ನನಗೆ ಸಿಗುವ ಈ ನೆಮ್ಮದಿ ಇನ್ಯಾರೋ ಊರು ಬಿಟ್ಟಿದ್ದರಿಂದ ಸಿಕ್ಕಿದ್ದು.

ಮೈಸೂರಿನಲ್ಲಿ ವರುಣಾ ಕೆರೆ ಕಡೆ, ಚಾಮುಂಡಿ ಬೆಟ್ಟದ ಕಡೆ ಸೈಕಲ್ ತುಳಿದು ಬೆಳೆದವಳು ನಾನು. ಹೆದ್ದಾರಿ ಸೇರಿದೊಡನೆ ಕಿವಿ ಬೆನ್ನಿಗೆ ಹೋಗುತ್ತದೆ: ಬರುತ್ತಿರುವುದು ಬಸ್ಸೋ ಲಾರಿಯೋ, ಹಾರ್ನ್ ಹೊಡೆಯುತ್ತಾನೋ ಇಲ್ಲವೋ. ಟುಲೂಜ್‌ನ ಹೊರವಲಯದಲ್ಲೂ ಹಾಗೇ. ಊರ ಹೊರಗೆ ಸೈಕಲ್ಲನ್ನು ಹಿಂದಿಕ್ಕುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕೆಂದು ಫ್ರೆಂಚ್ ಕಾನೂನಿದೆ, ಎಲ್ಲರೂ ಪಾಲಿಸುವುದಿಲ್ಲ. ವಾಸಿವಿಯೇರ್‌ನಲ್ಲಿ ಮೊದಲ ದಿನದ ಮಧ್ಯಾಹ್ನಕ್ಕೇ ಭುಜ ಸಡಿಲವಾದದ್ದು ಗೊತ್ತಾಯಿತು. ಇಬ್ಬರೂ ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ಹೋಗಬಹುದು. ಏರಿನಲ್ಲಿ ನಮ್ಮವರ ಸೈಕಲ್ಲಿನ ಚೈನು ಎಲ್ಲಿ ಕಿರುಗುಟ್ಟುತ್ತಿದೆ ಎಂಬುದೂ ಕೇಳಿಸುತ್ತದೆ. ನನ್ನ ಮಟ್ಟಿಗೆ ಇಷ್ಟು ದೂರ ಬರುವುದಕ್ಕೆ ಈ ಒಂದು ಕಾರಣ ಸಾಕು.

ತಲುಪುವುದು ಸುಲಭ. ಟುಲೂಜ್‌ನಿಂದಾಗಲಿ ಪ್ಯಾರಿಸ್ಸಿನಿಂದಾಗಲಿ ಲಿಮೋಜ್‌ಗೆ ನೇರ ರೈಲಿದೆ. ಸೈಕಲ್ಲಿಗೆ ಜಾಗವನ್ನು ಮೊದಲೇ ಕಾಯ್ದಿರಿಸಬೇಕು, ಬೇಸಿಗೆಯಲ್ಲಿ ಬೇಗ ತುಂಬಿಹೋಗುತ್ತದೆ. ಲಿಮೋಜ್‌ನಲ್ಲಿ ಪುಟ್ಟ ಪ್ರಾದೇಶಿಕ ರೈಲಿಗೆ ಬದಲಾಯಿಸಿ, ವಿಯೆನ್ ನದಿಯ ಕಣಿವೆ ಹಿಡಿದು ಎಮೂಟಿಯೇ ಎಂಬ ಊರಿನಲ್ಲಿ ಇಳಿಯುವುದು. ದಿನಕ್ಕೆ ಕೆಲವೇ ರೈಲುಗಳು, ಒಂದು ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು. ಎಮೂಟಿಯೇ ಕಣಿವೆಯಲ್ಲಿದೆ, ಸರೋವರ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಹಾಗಾಗಿ ನಿಲ್ದಾಣ ಬಿಟ್ಟೊಡನೆ ಏರು. ಹೆದರಬೇಕಾದ ಏರಲ್ಲ, ಆದರೆ ಸಣ್ಣ ಗೇರು ಇಲ್ಲದ ಸೈಕಲ್ಲಿನಲ್ಲಿ, ಬೆನ್ನ ಮೇಲೆ ಚೀಲ ಹೊತ್ತು ಬರಬೇಡಿ.

ಸರೋವರ ಎಂದೆನಾದರೂ ಇದು ಅಣೆಕಟ್ಟಿನ ಹಿನ್ನೀರು. 1950ರ ಸುಮಾರಿಗೆ ವಿದ್ಯುತ್ತಿಗಾಗಿ ಮೋಲ್ಡ್ ನದಿಗೆ ಕಟ್ಟೆ ಕಟ್ಟಿದಾಗ ಸುಮಾರು ಸಾವಿರ ಹೆಕ್ಟೇರ್ ಮುಳುಗಿತು. ನಡುವಿದ್ದ ಗುಡ್ಡದ ನೆತ್ತಿ ದ್ವೀಪವಾಯಿತು. ಸೇತುವೆಯ ಮೇಲೆ ಅಲ್ಲಿಗೆ ಹೋಗಬಹುದು. ದ್ವೀಪದಲ್ಲಿ ಇಟಲಿಯ ಆಲ್ದೊ ರೊಸ್ಸಿ ಮತ್ತು ಫ್ರಾನ್ಸಿನ ಝಾವಿಯೇ ಫಾಬ್ರ್ ಸೇರಿ ವಿನ್ಯಾಸ ಮಾಡಿದ, 1991ರಲ್ಲಿ ತೆರೆದ ಕಲಾಕೇಂದ್ರವಿದೆ. ದೀಪಸ್ತಂಭದಂಥ ಅದರ ಗೋಪುರ ದೂರದಿಂದಲೇ ಮರಗಳ ಮೇಲೆ ಕಾಣುತ್ತದೆ. ದಡಗಳು ಅಂಕುಡೊಂಕಾಗಿರುವುದರಿಂದ ನೀರು ಒಮ್ಮೆ ಎಡಗಡೆ ಕಂಡು ಮಾಯವಾಗಿ, ಕಾಡು ದಾಟಿದ ಮೇಲೆ ಇನ್ನೆಲ್ಲೋ ಎದುರಾಗುತ್ತದೆ. ನೀರಿನ ಅಂಚಿನಲ್ಲೇ ಸಾಗುವ ಮಣ್ಣುಹಾದಿ ಬೇರೆಯಿದೆ. ತೆಳು ಟಯರಿನವರು ಅದರ ಆಸೆ ಬಿಟ್ಟು ಮೇಲಿನ ಟಾರು ರಸ್ತೆ ಹಿಡಿಯುವುದೇ ಸರಿ.

ಇಲ್ಲಿ ತುಳಿಯುತ್ತಿರುವುದು ಫ್ರಾನ್ಸಿನ ಹೆಸರಾಂತ ಸೈಕಲ್ ಸ್ಪರ್ಧೆ ಟೂರ್ ಡಿ ಫ್ರಾನ್ಸ್ ಓಡಿದ ರಸ್ತೆ ಎಂಬುದು ನನಗಂತೂ ಪ್ರತಿ ಏರಿನಲ್ಲೂ ನೆನಪಾಗುತ್ತದೆ. 1985, 1990, 1995, ಮೂರು ಸಲವೂ ಗಡಿಯಾರದ ವಿರುದ್ಧ ಒಬ್ಬೊಬ್ಬರೇ ಓಡುವ ಸ್ಪರ್ಧೆ ಇಲ್ಲಿ ನಡೆಯಿತು, ಸುಮಾರು 45 ಕಿ.ಮೀ. 1985ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ತನ್ನದೇ ತಂಡದ ನಾಯಕ ಬರ್ನಾರ್ ಇನೋನನ್ನು 5 ಸೆಕೆಂಡುಗಳಿಂದ ಸೋಲಿಸಿ ಗೆದ್ದ. ಆ ಸಲದ ಟೂರ್ ಇನೋನದ್ದೇ ಆಯಿತು, ಆದರೆ ಅಮೆರಿಕನ್ನನೊಬ್ಬ ಟೂರ್‌ನ ಹಂತವೊಂದನ್ನು ಗೆದ್ದದ್ದು ಅದೇ ಮೊದಲು. 1990ರಲ್ಲಿ ಅದೇ ಲೆಮಾಂಡ್ ಇಲ್ಲಿಗೆ ಬಂದಾಗ ಒಟ್ಟು ಸಮಯದಲ್ಲಿ ಇಟಲಿಯ ಕ್ಲೌದಿಯೊ ಕಿಯಪ್ಪುಚ್ಚಿಗಿಂತ 5 ಸೆಕೆಂಡು ಹಿಂದಿದ್ದ, ಹೋಗುವಾಗ ಟೂರ್‌ನಲ್ಲಿ ಮುಂದಿರುವವರು ತೊಡುವ ಹಳದಿ ಅಂಗಿ ಅವನ ಮೈಮೇಲಿತ್ತು. ಈ ಏರಿಳಿತಗಳಲ್ಲಿ ಒಂದೇ ಲಯ ಹಿಡಿಯಲು ಆಗುವುದಿಲ್ಲ: ಎರಡು ಕಿಲೋಮೀಟರ್ ಏರು, ತಿರುವು, ಇಳಿತ, ಮತ್ತೆ ಏರು. ಯಾವುದೂ ದೊಡ್ಡದಲ್ಲ, ಒಟ್ಟು ಸೇರಿದರೆ ಸಂಜೆಗೆ ತೊಡೆಗೆ ಚೆನ್ನಾಗಿ ಗೊತ್ತಾಗುತ್ತದೆ.

ಸೈಕಲ್ ಸ್ಪರ್ಧಿ ರೆಮೊಂ ಪೂಲಿದೋರ್ ಹುಟ್ಟಿದ್ದೂ ಈ ಸೀಮೆಯಲ್ಲೇ. 1936ರಲ್ಲಿ ಕ್ರೂಜ್‌ನ ಒಂದು ಹಳ್ಳಿಯಲ್ಲಿ ಗೇಣಿದಾರರ ಮನೆಯಲ್ಲಿ ಹುಟ್ಟಿ, ಸಾಂ-ಲಿಯೊನಾರ್-ದ-ನೊಬ್ಲಾ ಎಂಬ ಊರಿನಲ್ಲಿ ಬದುಕಿ, 2019ರಲ್ಲಿ ಅಲ್ಲೇ ತೀರಿಕೊಂಡರು. ಟೂರ್‌ನಲ್ಲಿ ಮೂರು ಸಲ ಎರಡನೆಯ, ಐದು ಸಲ ಮೂರನೆಯ ಸ್ಥಾನ. ಒಂದು ದಿನವೂ ಹಳದಿ ಅಂಗಿ ತೊಡಲಿಲ್ಲ. ಗೆದ್ದವರಿಗಿಂತ ಹೆಚ್ಚಾಗಿ ಫ್ರಾನ್ಸಿನ ಜನ ಅವರನ್ನು ಪ್ರೀತಿಸಿದರು. 2021ರಲ್ಲಿ ಅವರ ಮಗಳ ಮಗ ಮಾತ್ಯೂ ವಾನ್ ಡರ್ ಪೂಲ್ ಆ ಅಂಗಿ ತೊಟ್ಟು ತಾತನನ್ನು ನೆನೆದು ಅತ್ತಾಗ ನಮ್ಮ ಮನೆಯಲ್ಲೂ ಕಣ್ಣು ಒದ್ದೆಯಾಗಿತ್ತು. ಎಮೂಟಿಯೇಗೆ ಹೋಗುವ ರೈಲು ಸಾಂ-ಲಿಯೊನಾರ್‌ನಲ್ಲೂ ನಿಲ್ಲುತ್ತದೆ. ಸೈಕಲ್ ಪ್ರೀತಿ ಇರುವವರು ಒಂದು ರೈಲು ಬಿಟ್ಟು ಇಳಿದು ನೋಡಿ ಬರಲಿ.

ಸರೋವರದಿಂದ ಪೂರ್ವಕ್ಕೆ, ಮಿಲ್‌ವಾಶ್ ಪ್ರಸ್ಥಭೂಮಿಯ ಕಡೆ ಹೋದರೆ ರಸ್ತೆ ಇನ್ನೂ ನಿರ್ಜನ. ನಾನು ಎಲ್ಲರಿಗೂ ಹೇಳುವ ಸವಾರಿ ಜಾಂಟಿಯೂ ಹಳ್ಳಿಯದು. ಅಲ್ಲಿನ ಯುದ್ಧಸ್ಮಾರಕದಲ್ಲಿ ವೀರಯೋಧನ ಪ್ರತಿಮೆ ಇಲ್ಲ. ಅಂಗಿ ತೊಟ್ಟ ಅನಾಥ ಹುಡುಗನೊಬ್ಬ ಮುಷ್ಟಿ ಎತ್ತಿ ನಿಂತಿದ್ದಾನೆ. ಸತ್ತವರ ಹೆಸರುಗಳ ಕೆಳಗೆ ‘ಯುದ್ಧಕ್ಕೆ ಧಿಕ್ಕಾರ’ ಎಂದು ಕೆತ್ತಿದ್ದಾರೆ. 1922ರದು. ಅಷ್ಟು ಚಿಕ್ಕ ಊರಿಗೆ ಅಷ್ಟುದ್ದದ ಪಟ್ಟಿ. ದಾರಿಯಲ್ಲಿ ಕಂಡ ಬೀಗ ಜಡಿದ ಮನೆಗಳೂ ಈ ಹೆಸರುಗಳೂ ಅಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ನಾವು ಇಳಿದುಕೊಂಡದ್ದು ಪೇರಾ-ಲ-ಶಾಟೋ ಎಂಬ ಊರಿನ ಹತ್ತಿರದ ಹಳೆಯ ರೈತರ ಮನೆಯೊಂದರಲ್ಲಿ. ಗಂಡ ಹೆಂಡತಿ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಸೈಕಲ್ಲಿಗೆ ಬೀಗವಿರುವ ಕೊಟ್ಟಿಗೆ, ಒತ್ತಡ ತೋರಿಸುವ ಪಂಪು, ಚೈನಿನ ಎಣ್ಣೆ, ಬಟ್ಟೆ ಒಣಗಲು ಒಲೆಯ ಪಕ್ಕ ಹಗ್ಗ. ಸವಾರರಿಗೆ ಕೋಣೆ ಕೊಡುವವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಗೋಡೆಯ ಮೇಲಿನ ದೊಡ್ಡ ನಕಾಶೆಯಲ್ಲಿ ಮರದ ಲಾರಿಗಳು ಓಡಾಡುವ ರಸ್ತೆಗಳನ್ನು ಆಕೆ ಕೆಂಪು ಪೆನ್ಸಿಲ್ಲಿನಲ್ಲಿ ಗುರುತಿಸಿಟ್ಟಿದ್ದರು. ಇದು ಬಹಳ ಉಪಕಾರ. ಏಕೆಂದರೆ ಇಲ್ಲಿ ಭಯಪಡಬೇಕಾದ ಗಾಡಿ ಅದೊಂದೇ: ವಾರದ ದಿನಗಳಲ್ಲಿ ದಿಮ್ಮಿ ತುಂಬಿ ಇಳಿಜಾರಿನಲ್ಲಿ ಬರುವ ಲಾರಿ. ಸದ್ದು ಕೇಳಿದರೆ ರಸ್ತೆ ಬಿಟ್ಟು ನಿಂತುಬಿಡಿ.

ಊಟದ ವಿಷಯ ಸಸ್ಯಾಹಾರಿಗಳು ಮೊದಲೇ ಯೋಚಿಸಬೇಕು. ಲಿಮೂಜಾಂ ಎಂದರೆ ಕೆಂಪು ಗೋವುಗಳ ಸೀಮೆ, ಮಾಂಸವೇ ಅದರ ಹೆಮ್ಮೆ. ಸರೋವರದ ದಡದ ಒಂದು ಹೋಟೆಲಿನಲ್ಲಿ ಮಾಂಸವಿಲ್ಲದ್ದು ಕೇಳಿದರೆ ಎಲೆಯ ಸಲಾಡ್ ತಂದಿಟ್ಟು, ಪೂರ್ತಿ ಊಟದ ದುಡ್ಡು ತೆಗೆದುಕೊಂಡರು. ಎಂಬತ್ತು ಕಿಲೋಮೀಟರ್ ತುಳಿದ ಹೊಟ್ಟೆಗೆ ಅದು ಅನ್ಯಾಯ. ಆದರೆ ಮನೆಯೊಡತಿ ಹಿಂದಿನ ದಿನ ಹೇಳಿದ್ದಕ್ಕೆ ಮಾಂಸ ಹಾಕದೆ ಆಲೂಗಡ್ಡೆಯ ಕಡುಬು ಮಾಡಿಕೊಟ್ಟರು. ಮೈದಾ ಹಿಟ್ಟಿನ ಹೊದಿಕೆಯೊಳಗೆ ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಬೇಯಿಸಿದ ಮೇಲೆ ಒಳಗೆ ಸುರಿದ ಕೆನೆ. ಈ ಸೀಮೆಯ ನಿಜವಾದ ಬಡವರ ಅಡುಗೆ, ಸವಾರರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕಪ್ಪು ಚೆರಿ ಹಾಕಿದ ಕ್ಲಾಫುಟಿ ಎಂಬ ಸಿಹಿತಿಂಡಿ ಕೂಡ ಇಲ್ಲಿಯದೇ. ಮೊಟ್ಟೆ ತಿನ್ನುವವರು ಬಿಡಬೇಡಿ, ಬೀಜ ತೆಗೆದಿರುವುದಿಲ್ಲ, ಹಲ್ಲು ಜೋಪಾನ.

ಹಳ್ಳಿಗಳಲ್ಲಿ ಅಂಗಡಿ ಇಲ್ಲ, ಇದ್ದರೆ ಮಧ್ಯಾಹ್ನ ಮುಚ್ಚಿರುತ್ತದೆ, ಸೋಮವಾರವಂತೂ ನಂಬಬೇಡಿ. ಬ್ರೆಡ್ಡು, ಚೀಸು, ಬಾಳೆಹಣ್ಣು ಬೆಳಿಗ್ಗೆಯೇ ಜೇಬಿಗೆ. ನೀರು ಬೇಕಾದರೆ ಊರಿನ ಸ್ಮಶಾನ ಹುಡುಕಿ: ಹೂಗಿಡಗಳಿಗೆಂದು ಒಳಗೆ ನಲ್ಲಿ ಇರುತ್ತದೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇಲ್ಲವೆಂದು ನೋಡಿಕೊಂಡು ಬಾಟಲಿ ತುಂಬಿಸಿಕೊಳ್ಳುವುದು ಇಲ್ಲಿನ ಸವಾರರ ವಾಡಿಕೆ.

ಬೇಸರದ ಸಂಗತಿ ಎರಡು. ಒಂದು ಮಳೆ, ಅಟ್ಲಾಂಟಿಕ್ ಕಡೆಯ ಮೋಡ ಈ ಎತ್ತರಕ್ಕೆ ಬಂದು ಸುರಿಯುತ್ತದೆ, ಜುಲೈನಲ್ಲೂ ಮಳೆಯಂಗಿ ಬೇಕು. ಇನ್ನೊಂದು ಜಲ್ಲಿ. ಬೇಸಿಗೆಯಲ್ಲಿ ಟಾರು ಸುರಿದು ಮೇಲೆ ಸಣ್ಣ ಜಲ್ಲಿ ಹರಡಿ ಬಿಟ್ಟುಬಿಡುತ್ತಾರೆ, ಓಡಾಡುವ ಗಾಡಿಗಳೇ ಅದನ್ನು ಒತ್ತಿ ಕೂರಿಸಬೇಕು. ಗಾಡಿಗಳಿಲ್ಲದ ಈ ರಸ್ತೆಗಳಲ್ಲಿ ಅದು ಕೂರುವುದೂ ನಿಧಾನ. ‘ಗ್ರಾವಿಯೋಂ’ ಎಂಬ ಫಲಕ ಕಂಡರೆ ತಿರುವಿಗೆ ಮುಂಚೆಯೇ ವೇಗ ಇಳಿಸಿ. 28 ಮಿ.ಮೀ.ಗಿಂತ ತೆಳುವಾದ ಟಯರು ತರಬೇಡಿ, ಹೆಚ್ಚುವರಿ ಟ್ಯೂಬು ಎರಡಾದರೂ ಇರಲಿ. ಸುತ್ತಮುತ್ತ ಸೈಕಲ್ ಅಂಗಡಿ ಸಿಗುವುದು ಕಷ್ಟ.

ಹೋಗಲು ಮೇ ಕೊನೆ ಮತ್ತು ಜೂನ್ ಒಳ್ಳೆಯ ಕಾಲ, ಆಮೇಲೆ ಸೆಪ್ಟೆಂಬರ್. ಆಗಸ್ಟಿನಲ್ಲಿ ಈಜಲು ಬರುವವರಿಂದ ದಡದ ರಸ್ತೆಯಲ್ಲಿ ಮಾತ್ರ ಕಾರುಗಳು ಕಾಣುತ್ತವೆ, ಒಂದು ಗುಡ್ಡ ದಾಟಿದರೆ ಅವೂ ಇಲ್ಲ. ಅಕ್ಟೋಬರಿನಲ್ಲಿ ರಸ್ತೆಯ ಮೇಲೆಲ್ಲ ಕಾಡು ಚೆಸ್ಟ್‌ನಟ್ ಉದುರಿರುತ್ತದೆ, ನೋಡಲು ಚೆಂದ. ಆದರೆ ಅದು ಬೇಟೆಯ ಕಾಲವೂ ಹೌದು, ಭಾನುವಾರ ಕಾಡಿನ ರಸ್ತೆಗೆ ಹೋಗುವುದಾದರೆ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡೇ ಹೊರಡಿ.