ಬೆಂಕಿಹೊಟ್ಟೆ ಕಪ್ಪೆಯ ಬಣ್ಣಕ್ಕೆ ಪುಡಿಗಿಂತ ಕ್ಯಾರೆಟ್ ಸಿಪ್ಪೆ ಮೇಲು

ಕಪ್ಪೆಯ ಹೊಟ್ಟೆ ಕೆಂಪಾಗಲಿ ಅಂತ 22 ಡಾಲರ್ ಕೊಟ್ಟು ಬಣ್ಣದ ಪುಡಿ ತಂದೆ. ಕೊನೆಗೆ ಕೆಲಸಕ್ಕೆ ಬಂದದ್ದು ಹುಳಿಗೆ ಹೆಚ್ಚಿ ಉಳಿದ ಕ್ಯಾರೆಟ್ ಸಿಪ್ಪೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳ ಆಸೆಗೆ ಎರಡು ವರ್ಷದ ಹಿಂದೆ ಎರಡು ಫೈರ್ ಬೆಲ್ಲಿ ಟೋಡ್ ತಂದೆವು. ಕೊರಿಯಾ, ಈಶಾನ್ಯ ಚೀನಾ, ರಷ್ಯಾದ ಪೂರ್ವ ತುದಿಯ ಕಪ್ಪೆ ಇದು. ಉದ್ದ 4–5 ಸೆಂಟಿಮೀಟರ್. ಬೆನ್ನು ಹಸಿರು, ಹೊಟ್ಟೆ ಕೆಂಪು, ಎರಡರ ಮೇಲೂ ಕಪ್ಪು ಮಚ್ಚೆ. ಹೆದರಿದರೆ ಬೆನ್ನು ಬಗ್ಗಿಸಿ, ಕೈಕಾಲು ಮೇಲೆತ್ತಿ ಆ ಕೆಂಪನ್ನು ತೋರಿಸುತ್ತದೆ. ನನ್ನ ಚರ್ಮದಲ್ಲಿ ವಿಷವಿದೆ, ದೂರವಿರು ಅನ್ನುವ ಎಚ್ಚರಿಕೆ ಅದು. ನಮ್ಮವು ತೋರಿಸಿದ್ದು ಅರೆಹಣ್ಣಾದ ಪಪ್ಪಾಯಿಯ ಬಣ್ಣ. ಮಗಳು ಪುಸ್ತಕದ ಚಿತ್ರ ತಂದು, "ಅಪ್ಪಾ, ನಮ್ಮದಕ್ಕೆ ಹುಷಾರಿಲ್ವಾ?" ಅಂತ ಕೇಳಿದಳು.

ಕಾಯಿಲೆ ಇರಲಿಲ್ಲ. ಹೊಟ್ಟೆಯ ಕೆಂಪಿಗೆ ಬೇಕಾದ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ಅಂಶವನ್ನು ಕಪ್ಪೆಯ ದೇಹ ತಯಾರಿಸಲಾರದು. ತಿಂದೇ ಪಡೆಯಬೇಕು. ಕಾಡಿನಲ್ಲಿ ಹುಳುಗಳಿಂದ, ನೀರಿನ ಸಣ್ಣ ಸಿಗಡಿ ಜಾತಿಗಳಿಂದ ಸಿಗುತ್ತದೆ. ಕಪ್ಪೆಗೆ ಹಾಕಲು ಅಂಗಡಿಯಲ್ಲಿ ಸಿಗುವ, ಮಿಡತೆಯಂಥ ಕ್ರಿಕೆಟ್ ಹುಳ ಒಣ ಧಾನ್ಯ ತಿಂದು ಬೆಳೆದಿರುತ್ತದೆ. ಅದನ್ನೇ ತಿಂದ ಕಪ್ಪೆಗೆ ಕೆಂಪು ಎಲ್ಲಿಂದ ಬರಬೇಕು, ಅಲ್ವಾ?

ಆ ಕ್ಯಾರೊಟಿನಾಯ್ಡ್ ಕೊಡಲೆಂದೇ ತಂದ ಪುಡಿಯ ಕಥೆ ಸ್ವಲ್ಪ ಉದ್ದ. ಚೀಲದಲ್ಲಿ ಹುಳ ಹಾಕಿ, ಒಂದು ಚಿಟಿಕೆ ಪುಡಿ ಉದುರಿಸಿ, ಅಲ್ಲಾಡಿಸಿ, ಟ್ಯಾಂಕಿಗೆ ಬಿಡಬೇಕು. ಡಬ್ಬಿಯ ಮೇಲೆ ಅಷ್ಟೇ ಬರೆದಿತ್ತು. ಆದರೆ ಈ ಕಪ್ಪೆಯ ಟ್ಯಾಂಕಿನಲ್ಲಿ ಅರ್ಧ ನೀರು. ಹುಳ ಹಾರಿದ್ದೇ ನೀರಿಗೆ. ಪುಡಿಯೆಲ್ಲ ತೊಳೆದುಹೋಗಿ ಮೇಲೆ ಕಿತ್ತಳೆ ಪದರ ಕಟ್ಟುತ್ತಿತ್ತು. ಕಪ್ಪೆ ತಿನ್ನುತ್ತಿದ್ದದ್ದು ಸ್ನಾನ ಮಾಡಿದ ಹುಳವನ್ನು. ಮಾರನೇ ದಿನ ನೀರು ಕದಡಿ ವಾಸನೆ. ವಾರಕ್ಕೊಮ್ಮೆ ಬದಲಿಸುತ್ತಿದ್ದ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕಾಯಿತು. ನಲ್ಲಿ ನೀರನ್ನು ನೇರ ಹಾಕುವ ಹಾಗೂ ಇಲ್ಲ, ಕ್ಲೋರಿನ್ ತೆಗೆಯಬೇಕು.

ನೆಲದ ಭಾಗ ಎತ್ತರಿಸಿ ನೋಡಿದೆ. ಆಗ ಹುಳ ಕಲ್ಲಿನ ಸಂದಿಗೆ ಸೇರಿ, ಮೀಸೆ ಕಾಲು ಉಜ್ಜಿಕೊಂಡು ಪುಡಿಯನ್ನು ತಾನೇ ಒರೆಸಿಕೊಂಡಿತು. ಒಣ ಡಬ್ಬಿಗೆ ಕಪ್ಪೆಯನ್ನು ಎತ್ತಿಟ್ಟು ಊಟ ಕೊಟ್ಟೆ. ಅವು ಹೆದರಿ ಬಿಲ್ಲಿನಂತೆ ಬಗ್ಗಿ ಕೂತವು, ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು. ಹೊಟ್ಟೆ ಹಳದಿಯೇ.

ಪುಡಿ ಮೋಸ ಅಂತ ಹೇಳುತ್ತಿಲ್ಲ. 2012ರಲ್ಲಿ ಮ್ಯಾಂಚೆಸ್ಟರ್‌ನ ಸಂಶೋಧಕರು ಕೆಂಪು ಕಣ್ಣಿನ ಮರಗಪ್ಪೆಗಳಿಗೆ ಕ್ಯಾರೊಟಿನಾಯ್ಡ್ ಹೆಚ್ಚಿರುವ ಆಹಾರ ಕೊಟ್ಟಾಗ ಅವುಗಳ ಚರ್ಮದ ಕೆಂಪು ಹೆಚ್ಚಿತ್ತು. ಮರಗಪ್ಪೆ ಸಾಕುವವರಿಗೆ ನೀರಿನ ತೊಂದರೆ ಇಷ್ಟಿರಲಾರದು. ನನ್ನ ಟ್ಯಾಂಕಿಗೆ ಮಾತ್ರ ಅದು ಹೊಂದಲಿಲ್ಲ.

ಆಮೇಲೆ ಬಂದದ್ದು ಸಿಪ್ಪೆ. ಬಣ್ಣವನ್ನು ಹುಳದ ಮೈಮೇಲೆ ಹಚ್ಚುವ ಬದಲು ಹೊಟ್ಟೆಯೊಳಗೇ ಇಟ್ಟರೆ ನೀರು ಏನು ಮಾಡೀತು? ಕಪ್ಪೆಗೆ ಹಾಕುವ ಹಿಂದಿನ ದಿನವಿಡೀ ಹುಳಗಳಿಗೆ ಚೆನ್ನಾಗಿ ತೊಳೆದ ಕ್ಯಾರೆಟ್ ಸಿಪ್ಪೆ, ಕೆಂಪು ಕ್ಯಾಪ್ಸಿಕಂ, ಸಿಹಿಗುಂಬಳ ಕೊಡುತ್ತೇನೆ. ಇಲ್ಲಿನ ಕಿತ್ತಳೆ ತಿರುಳಿನ ಗೆಣಸೂ ಒಳ್ಳೆಯದು. ಊರಿನ ಬಿಳಿ ತಿರುಳಿನ ಗೆಣಸಿನಲ್ಲಿ ಆ ಅಂಶ ತೀರಾ ಕಡಿಮೆ. ಪಾಲಕ್ ಬೇಡ, ಕ್ಯಾಲ್ಸಿಯಂ ಹೀರಿಕೊಳ್ಳಲು ಬಿಡುವುದಿಲ್ಲ. ಸಿಪ್ಪೆಯನ್ನು ದಿನಾ ಬದಲಿಸಿ. ತೇವಕ್ಕೆ ಬೂಷ್ಟು ಬಂದರೆ ಹುಳ ಸಾಯುತ್ತವೆ.

ಫೋನಿನ ಕ್ಯಾಮೆರಾ ಬಣ್ಣವನ್ನು ತನಗೆ ಬೇಕಾದ ಹಾಗೆ ತೋರಿಸುತ್ತದೆ. ಅದಕ್ಕೆ ಮಗಳು ಒಂದು ಉಪಾಯ ಹುಡುಕಿದಳು. ಕಪ್ಪೆ ಗಾಜಿಗೆ ಅಂಟಿ ಕೂತಾಗ ಪಕ್ಕದಲ್ಲಿ ಕಿತ್ತಳೆ ಕ್ರೇಯಾನ್ ಹಿಡಿದು ತಿಂಗಳಿಗೊಂದು ಫೋಟೋ. ಮೂರನೇ ಫೋಟೋದವರೆಗೆ ಏನೂ ಕಾಣಲಿಲ್ಲ. ಐದನೆಯದರಲ್ಲಿ ಸಣ್ಣ ಕಪ್ಪೆಯ ಗಂಟಲ ಕೆಳಗೆ ಕ್ರೇಯಾನಿಗಿಂತ ಗಾಢ ಬಣ್ಣ. ಏಳನೆಯದಕ್ಕೆ ಕೆಂಪು ಕ್ರೇಯಾನ್ ತರಬೇಕಾಯಿತು. ದೊಡ್ಡದು ತಂದಾಗಲೇ ಪೂರ್ತಿ ಬೆಳೆದಿತ್ತು. ಅದು ಕಿತ್ತಳೆಯವರೆಗೆ ಬಂದು ನಿಂತಿದೆ.

ಒಣ ಸಿಗಡಿಯನ್ನೂ ಕೊಟ್ಟು ನೋಡಿದೆವು. ಬೇಯಿಸಿದ ಸಿಗಡಿಯನ್ನು ಕೆಂಪಾಗಿಸುವ ಆಸ್ಟಾಕ್ಸಾಂಥಿನ್ ಕೂಡ ಕ್ಯಾರೊಟಿನಾಯ್ಡೇ. ಚಿಮಟದಲ್ಲಿ ಹಿಡಿದು ಅಲ್ಲಾಡಿಸಿದರೆ ಖುಷಿಯಾಗಿ ತಿನ್ನುತ್ತಿದ್ದವು. ಆದರೆ ಹಾಸನದಿಂದ ಬಂದಿದ್ದ ಅಮ್ಮನಿಗೆ ಆ ವಾಸನೆ ತಡೆಯಲಾಗಲಿಲ್ಲ. ನಮ್ಮದು ಸಸ್ಯಾಹಾರಿ ಮನೆ. ಎರಡೇ ವಾರದಲ್ಲಿ ನಿಲ್ಲಿಸಿಬಿಟ್ಟೆವು. ಮನೆಯಲ್ಲಿ ಮೀನು ಸಿಗಡಿ ತರುವವರು ಖಂಡಿತ ಪ್ರಯತ್ನಿಸಿ.

ಇನ್ನು ಟ್ಯಾಂಕಿನ ಒಳಗಿನ ಬಣ್ಣ. ಮೊದಲು ಕಪ್ಪು ಜಲ್ಲಿ ಮತ್ತು ತೆಂಗಿನ ನಾರಿನ ಪುಡಿ ಹಾಕಿದ್ದೆವು. ಬೆನ್ನು ಕಂದಾಗಿ ಕೊಳೆತ ಎಲೆಯ ಹಾಗೆ ಕಾಣುತ್ತಿತ್ತು. ತಿಳಿ ಬಣ್ಣದ ಜಲ್ಲಿ, ಹಸಿರು ಪಾಚಿ, ಗಿಡ ಹಾಕಿದ ಮೇಲೆ ಕೆಲವೇ ವಾರದಲ್ಲಿ ಗಿಳಿಹಸಿರು! ಹೊಟ್ಟೆಯಲ್ಲಿ ಮಾತ್ರ ಒಂದಿಷ್ಟೂ ಬದಲಾವಣೆ ಇಲ್ಲ. ಕಪ್ಪೆಯ ಚರ್ಮದ ಜೀವಕೋಶಗಳಲ್ಲಿ ಕಪ್ಪು ಕಣಗಳಿರುತ್ತವೆ. ಸುತ್ತ ಕತ್ತಲಿದ್ದರೆ ಅವು ಹರಡಿಕೊಳ್ಳುತ್ತವೆ, ಬೆಳಕಿದ್ದರೆ ನಡುವೆ ಗುಂಪಾಗುತ್ತವೆ. ಚಳಿಗೂ ಮೈ ಕಪ್ಪಾಗುತ್ತದೆ. ಜನವರಿಯಲ್ಲಿ ಕಿಟಕಿಯ ಪಕ್ಕ ಇಟ್ಟಿದ್ದಾಗ ನಾವು ಸುಮ್ನೆ ಗಾಬರಿಯಾಗಿದ್ದೆವು.

ಊರಿನ ಗೋಂಕರು ಕಪ್ಪೆಯ ಗಂಡು ಮೊದಲ ಮಳೆಗೆ ನಿಂಬೆಹಳದಿಯಾಗುವುದು ಬೇರೆ ವಿಷಯ, ಅದು ಮರಿ ಮಾಡುವ ಕಾಲದ ಬಣ್ಣ. ಅದನ್ನು ಹಿಡಿದು ಸಾಕಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದಕ್ಕೆ ರಕ್ಷಣೆ ಇದೆ.

ಕ್ಯಾಲ್ಸಿಯಂ ಪುಡಿಯನ್ನು ಮಾತ್ರ ಬಿಡುವ ಹಾಗಿಲ್ಲ, ಮೂಳೆಗೆ ಬೇಕು. ವಾರಕ್ಕೆರಡು ಸಲ ಹುಳಕ್ಕೆ ಹಚ್ಚಿ, ಚಿಮಟದಲ್ಲಿ ಒಂದೊಂದೇ ಬಾಯಿಗೆ ಕೊಡುತ್ತೇನೆ. ಬಣ್ಣದ ಪುಡಿಯನ್ನೂ ಹಾಗೇ ಕೊಡಬಹುದಿತ್ತು. ಆದರೆ ಬೆಳಿಗ್ಗೆ ಏಳೂವರೆಯ ರೈಲು ಹಿಡಿಯುವ ನನಗೆ ಅಷ್ಟು ಪುರಸೊತ್ತಿಲ್ಲ. ತೆರೆದ ಡಬ್ಬಿ ಆರು ತಿಂಗಳಲ್ಲಿ ಹಳತಾದರೆ ಮತ್ತೆ 22 ಡಾಲರ್. ಕ್ಯಾರೆಟ್ ಹೇಗೂ ದಿನಾ ಹೆಚ್ಚುತ್ತೇವೆ. ಉಳಿದ ದುಡ್ಡಿನಲ್ಲಿ ಇನ್ನೊಂದು ಪಾಚಿಯ ಚಾಪೆ ತಂದು ಟ್ಯಾಂಕಿನ ಹಿಂದಿನ ಗೋಡೆಗೆ ಕಟ್ಟಿದ್ದೇವೆ. ಸಣ್ಣದು ಹಗಲೆಲ್ಲ ಅದರ ಬುಡದಲ್ಲೇ ಇರುತ್ತದೆ.