ಎಂಬತ್ತು ಸಾವಿರದ ಫೋನು ಮತ್ತು ಇಳಕಲ್ ಸೀರೆಯ ಕೆಂಪು: ಹದಿನೈದು ತಿಂಗಳ ಬಳಕೆಯ ನಂತರ

ಈ ಫೋನನ್ನು ನಾನು ಕೊಂಡದ್ದು ಕೆಂಪು ಬಣ್ಣಕ್ಕಾಗಿ. ಇಳಕಲ್ಲಿನಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ. ತಂದೆಯವರ ಕಾಲದಲ್ಲಿ ಗಿರಾಕಿಗಳು ಗಾದಿಯ ಮೇಲೆ ಕುಳಿತು, ಸೀರೆಯ ಮಡಿಕೆ ಬಿಚ್ಚಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ, ಬಣ್ಣ ಮನಸ್ಸಿಗೆ ಬಂದ ಮೇಲೆಯೇ ಚೌಕಾಸಿಗೆ ಇಳಿಯುತ್ತಿದ್ದರು. ಈಗ ವ್ಯಾಪಾರದ ಅರ್ಧಕ್ಕಿಂತ ಹೆಚ್ಚು ಭಾಗ ವಾಟ್ಸಾಪಿನಲ್ಲಿ ನಡೆಯುತ್ತದೆ. ಸೊಲ್ಲಾಪುರದವರು, ಪುಣೆಯವರು, ಬೆಂಗಳೂರಿನವರು ಸೀರೆಯನ್ನು ಮುಟ್ಟದೆ, ನಾನು ಕಳುಹಿಸಿದ ಫೋಟೋ ನೋಡಿ ಹಣ ಹಾಕುತ್ತಾರೆ. ಬಾಗಿಲ ಬೆಳಕಿನ ಕೆಲಸವನ್ನು ಕ್ಯಾಮೆರಾ ಮಾಡಬೇಕಾಗಿ ಬಂದಾಗ ಒಳ್ಳೆಯ ಕ್ಯಾಮೆರಾವೇ ಇರಲಿ ಎಂದು ನಿರ್ಧರಿಸಿ, 2024ರ ದಸರೆಯ ವಾರದಲ್ಲಿ ಬಾಗಲಕೋಟೆಯ ನವನಗರದ ಅಂಗಡಿಯೊಂದರಲ್ಲಿ ₹84,000 ಬೆಲೆಯ ಫೋನು ತೆಗೆದುಕೊಂಡೆ.

ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ದೂರು ಈ ಬೆಲೆಯ ಬಹುತೇಕ ಫೋನುಗಳಿಗೆ ಸಲ್ಲುವಂಥದ್ದು. ಒಂದರ ಹೆಸರು ಹೇಳಿದರೆ ಉಳಿದವು ನಿರ್ದೋಷಿಗಳೆಂದು ಓದುಗರು ತಿಳಿದಾರು. ಮೆಗಾಪಿಕ್ಸೆಲ್, ಪ್ರೊಸೆಸರ್, ರ್‍ಯಾಮ್‌ಗಳ ಲೆಕ್ಕ ಎಲ್ಲ ಜಾಹೀರಾತುಗಳಲ್ಲಿಯೂ ಇದೆ, ಅದನ್ನೂ ಬಿಡುತ್ತೇನೆ. ಫೋನು ವೇಗವಾಗಿದೆ, ಒಮ್ಮೆಯೂ ತಡವರಿಸಿಲ್ಲ. ಈ ಬೆಲೆಗೆ ತಡವರಿಸಿದರೆ ಕೊಳ್ಳುವವರಾರು?

ಮೊದಲ ತಿಂಗಳು ಮನೆಮಂದಿಯೆಲ್ಲ ಹಿಗ್ಗಿದೆವು. ದಾಳಿಂಬೆ ಕೆಂಪಿನ ಒಡಲು, ಚಿಕ್ಕಿ ದಡಿ, ಬಿಳಿ ತೆನಿಯ (ತೆನೆಯಂಥ ವಿನ್ಯಾಸದ) ಸೆರಗು ಪರದೆಯ ಮೇಲೆ ಎಷ್ಟು ಬೆಳಗುತ್ತಿದ್ದವೆಂದರೆ, ನಮ್ಮದೇ ಅಂಗಡಿಯ ಸೀರೆ ಇದೇನಾ ಎಂದು ನಾನೇ ಕಪಾಟಿನ ಕಡೆಗೆ ತಿರುಗಿ ನೋಡುತ್ತಿದ್ದೆ. ನೋಡಬೇಕಾದದ್ದು ಅಲ್ಲಿಯೇ ಇತ್ತು. ಹಳೆಯ ಫೋನಿನ ಕಾಲದಲ್ಲಿ ತಿಂಗಳಿಗೆ ಸುಮಾರು 40 ಸೀರೆ ಕಳುಹಿಸಿದರೆ ನಾಲ್ಕು ಮರಳಿ ಬರುತ್ತಿದ್ದವು. ಹೊಸ ಫೋನು ಬಂದ ಮೇಲೆ ಆರು ಬಂದವು, ಮರುತಿಂಗಳು ಏಳು. ಸೊಲ್ಲಾಪುರದ ಗಿರಾಕಿ ಅಕ್ಕನವರೊಬ್ಬರು ಫೋನು ಮಾಡಿ, "ಅಣ್ಣಾರ, ಫೋಟೋದಾಗ ಗಿರಿ ಕುಂಕುಮ ಬಣ್ಣ ಇತ್ತು, ಕೈಯಾಗ ಬಂದದ್ದು ಬ್ಯಾರೇನ ಐತಿ. ಸೀರಿ ಛಲೋ ಐತಿ, ಆದ್ರ ನಾ ಕೇಳಿದ್ದು ಇದಲ್ಲ," ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎದುರು ಮಾತನಾಡಿ ಹಗುರಾಗುತ್ತಿದ್ದೆ.

ಕಾರಣ ಹುಡುಕಲು ಹೊರಟವನಿಗೆ ತಿಳಿದದ್ದಿಷ್ಟು. ಕ್ಯಾಮೆರಾದ ಸಂವೇದಕದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಣ್ಣದ ಸೋಸುಕಗಳಿರುತ್ತವೆ; ಸಾಮಾನ್ಯವಾಗಿ ಅವುಗಳಲ್ಲಿ ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ದಟ್ಟ ಕೆಂಪಿನ ರೇಷ್ಮೆ ಸೆರಗನ್ನು ಹಳದಿ ಬಲ್ಬಿನ ಕೆಳಗೆ ಹಿಡಿದರೆ ಕೆಂಪಿನ ಪಾಲು ಮೊದಲೇ ತುಂಬಿ ತುಳುಕಿ, ಆಮೇಲೆ ಬೀಳುವ ಬೆಳಕಿಗೆ ಜಾಗವೇ ಉಳಿಯುವುದಿಲ್ಲ; ಹಾಸು (ಉದ್ದದ ಎಳೆ) ಯಾವುದು ಹೊಕ್ಕು (ಅಡ್ಡ ಎಳೆ) ಯಾವುದು ಎಂಬ ಗುರುತು ಅಳಿದು ಎಳೆಗಳೆಲ್ಲ ಒಂದೇ ಕೆಂಪು ಮುದ್ದೆಯಾಗುತ್ತವೆ. ಇದು ಎಲ್ಲ ಫೋನುಗಳಲ್ಲೂ ಇರುವ ಕಷ್ಟ. ದುಬಾರಿ ಫೋನು ಅದರ ಮೇಲೆ ತನ್ನದೊಂದು ಜಾಣತನವನ್ನೂ ಸೇರಿಸುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲಿ ಹಲವು ಚಿತ್ರಗಳನ್ನು ತೆಗೆದು, ಒಂದರೊಳಗೊಂದು ಬೆಸೆದು, ಕಪ್ಪಾದದ್ದನ್ನು ಎತ್ತಿ, ಮಂಕಾದದ್ದನ್ನು ತೊಳೆದು ಕೊಡುತ್ತದೆ. ಮದುವೆಯ ಫೋಟೋಕ್ಕೆ ಇದು ವರವಾದರೆ, ಮಂಕಾಗಿರುವುದೇ ತನ್ನ ಗುಣವಾಗಿರುವ ಹತ್ತಿಯ ಸೀರೆಗೆ ಇದು ಸುಳ್ಳು ಸಾಕ್ಷಿ. ಮೇಲಾಗಿ ನನ್ನ ಪರದೆ ಕೆಂಪನ್ನು ಮತ್ತಷ್ಟು ಉಜ್ವಲವಾಗಿ ತೋರಿಸುವ ಓಎಲ್ಇಡಿ; ಸೊಲ್ಲಾಪುರದ ಅಕ್ಕನವರ ಹತ್ತು ಸಾವಿರದ ಫೋನಿನ ಪರದೆ ಬೇರೆ. ಪರದೆಯ ಸೆಟ್ಟಿಂಗಿನಲ್ಲಿ "ವಿವಿಡ್" ಬಿಟ್ಟು "ನ್ಯಾಚುರಲ್" ಆರಿಸಿಕೊಂಡ ದಿನ ನನ್ನ ಮನೆಮಂದಿ ಫೋನು ಕೆಟ್ಟಿತೆಂದೇ ತಿಳಿದರು.

ಹೀಗೆ ಕೆಟ್ಟು ಕಲಿತ ಮೇಲೆ ನನ್ನ ಬೆಳಗಿನ ಪದ್ಧತಿ ರೂಪುಗೊಂಡಿತು. ಏಳೂವರೆಗೆ ಚಹಾ ಆದೊಡನೆ, ಬಿಸಿಲು ಇನ್ನೂ ಕಟ್ಟೆಗೆ ಇಳಿಯುವ ಮೊದಲು, ಉತ್ತರಕ್ಕೆ ಮುಖವಿರುವ ಪಡಸಾಲೆಯ ಹಗ್ಗದ ಮೇಲೆ ಸೀರೆಯನ್ನು ಹರವುತ್ತೇನೆ. ಟ್ಯೂಬ್ ಲೈಟು, ಬಲ್ಬು ಎರಡನ್ನೂ ಆರಿಸುತ್ತೇನೆ, ಏಕೆಂದರೆ ಎರಡು ಬಗೆಯ ಬೆಳಕು ಬೆರೆತರೆ ಯಾವ ಕ್ಯಾಮೆರಾವೂ ದಿಕ್ಕು ತಪ್ಪುತ್ತದೆ. ಪಕ್ಕದಲ್ಲಿ ತಂದೆಯವರ ಬಿಳಿ ಧೋತರದ ಒಂದು ತುದಿ. ಮೊದಲು ಅದಕ್ಕೆ ಹಿಡಿದು, ಕ್ಯಾಮೆರಾವನ್ನು ಕೈಯಾರೆ ಹೊಂದಿಸುವ "ಪ್ರೊ" ಮೋಡಿನಲ್ಲಿ ಬಿಳಿಯನ್ನು ಬಿಳಿಯಾಗಿಯೇ ಕಾಣುವಂತೆ ಹೊಂದಿಸಿಕೊಳ್ಳುತ್ತೇನೆ. ಬಳಿಕ ಸೀರೆಯ ಮೇಲೆ ಬೆರಳಿಟ್ಟು, ಪರದೆಯಲ್ಲಿ ಬೆಳಕು ತಗ್ಗಿಸುವ ಸೂರ್ಯನ ಗುರುತನ್ನು ಕೆಳಗೆ ಎಳೆಯುತ್ತೇನೆ. ಚಿತ್ರ ಕಣ್ಣಿಗೆ ಸ್ವಲ್ಪ ಕಪ್ಪೆನಿಸಬೇಕು, ಆಗ ಕೆಂಪಿನೊಳಗಿನ ಎಳೆಗಳು ಎದ್ದು ಬರುತ್ತವೆ. ಕೊನೆಯದಾಗಿ ತಾಯಿಯವರ ಹಿತ್ತಾಳೆಯ ಕುಂಕುಮದ ಭರಣಿಯನ್ನು ಮುಚ್ಚಳ ತೆಗೆದು ಸೆರಗಿನ ಮಗ್ಗುಲಿಗೆ ಇಡುತ್ತೇನೆ. ಗಿರಾಕಿಯ ಪರದೆ ಹೇಗೆಯೇ ಇರಲಿ, ಕುಂಕುಮ ಹೇಗಿರುತ್ತದೆಂಬುದು ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವರ ಫೋನಿನಲ್ಲಿ ಸೀರೆ ಕಿತ್ತಳೆಗೆ ತಿರುಗಿದ್ದರೆ ಕುಂಕುಮವೂ ತಿರುಗಿರುತ್ತದೆ; ಎರಡರ ನಡುವಿನ ಅಂತರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕಳುಹಿಸುವಾಗ ವಾಟ್ಸಾಪಿನ ಎಚ್‌ಡಿ ಗುಂಡಿಯನ್ನು ಮರೆಯುವುದಿಲ್ಲ. 2023ರಲ್ಲಿ ಬಂದ ಈ ಸೌಲಭ್ಯ ಇಲ್ಲದೆ ಕಳುಹಿಸಿದರೆ ಫೋಟೋ ಹಿಂಡಿ ಹಿಪ್ಪೆಯಾಗಿ ಹೋಗುತ್ತದೆ. ಎಚ್‌ಡಿಯಲ್ಲಿಯೂ ಮೂಲ ಚಿತ್ರ ಇದ್ದಂತೆ ತಲುಪುವುದಿಲ್ಲ. ಇದ್ದಂತೆಯೇ ಬೇಕೆಂದವರಿಗೆ ಡಾಕ್ಯುಮೆಂಟ್ ಆಗಿ ಕಳುಹಿಸುತ್ತೇನೆ.

ಈ ಪದ್ಧತಿ ಹಿಡಿದ ಮೇಲೆ ಬಣ್ಣದ ಕಾರಣಕ್ಕೆ ಮರಳುವ ಸೀರೆ ತಿಂಗಳಿಗೆ ಒಂದು, ಕೆಲವು ತಿಂಗಳು ಅದೂ ಇಲ್ಲ. ಇಲ್ಲಿಗೆ ವಿಮರ್ಶೆ ಮುಗಿದಿದ್ದರೆ ಫೋನಿಗೆ ಒಳ್ಳೆಯ ಅಂಕವನ್ನೇ ಕೊಡುತ್ತಿದ್ದೆ. ಆದರೆ ಒಂದು ಬೆಳಿಗ್ಗೆ ಹೊಸದು ಚಾರ್ಜಿಗೆ ಇದ್ದುದರಿಂದ, 2020ರಲ್ಲಿ ₹14,000ಕ್ಕೆ ಕೊಂಡಿದ್ದ ಹಳೆಯ ಫೋನನ್ನು ಪೆಟ್ಟಿಗೆಯಿಂದ ತೆಗೆದು, ಅದೇ ಹಗ್ಗ, ಅದೇ ಧೋತರ, ಅದೇ ಭರಣಿ ಇಟ್ಟು ಅದೇ ಸೀರೆಯ ಫೋಟೋ ತೆಗೆದೆ. ಎರಡನ್ನೂ ಯಾವುದು ಯಾವುದೆಂದು ಹೇಳದೆ ಸೊಲ್ಲಾಪುರದ ಅಕ್ಕನವರಿಗೆ ಕಳುಹಿಸಿ, ಅವರ ಮನೆಯಲ್ಲಿರುವ ಅದೇ ಬಣ್ಣದ ಸೀರೆಗೆ ಯಾವುದು ಹತ್ತಿರ ಎಂದು ಕೇಳಿದೆ. ಅವರು ಆರಿಸಿದ್ದು ಹಳೆಯ ಫೋನಿನದನ್ನು. ಆ ದಿನ ಮಧ್ಯಾಹ್ನದ ಊಟ ರುಚಿಸಲಿಲ್ಲ. ಸೀರೆ ಮರಳುವುದನ್ನು ನಿಲ್ಲಿಸಿದ್ದು ಎಂಬತ್ತು ಸಾವಿರವಲ್ಲ, ತಾಯಿಯವರ ಭರಣಿ.

ಬೇಸಿಗೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಇಂಥ ಫೋನುಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಎಂದು ಬರೆದಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳು 40 ದಾಟುವುದು ವಿಶೇಷವೇನಲ್ಲ. ನೇಕಾರರ ಮನೆಯ ಅಂಗಳದಲ್ಲಿ ನಿಂತು ಗಿರಾಕಿಗೆ ವಿಡಿಯೋ ಕಾಲಿನಲ್ಲಿ ಸೀರೆ ತೋರಿಸುತ್ತಿದ್ದರೆ, ಹತ್ತೇ ನಿಮಿಷದಲ್ಲಿ ಪರದೆ ತಾನಾಗಿ ಮಂಕಾಗುತ್ತದೆ. ಬ್ಯಾಟರಿಯನ್ನೂ ಒಳಭಾಗಗಳನ್ನೂ ಬಿಸಿಯಿಂದ ಕಾಪಾಡಲು ಹಾಗೆ ಮಾಡುತ್ತದೆಂದು ಗೊತ್ತಿದ್ದರೂ, ಬಿಸಿಲಿನಲ್ಲಿ ಎಲ್ಲರಿಗಿಂತ ಹೊಳೆಯುವ ಪರದೆ ಎಂದು ಹೇಳಿ ಮಾರಿದವರು ಈ ಬಿಸಿಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇಷ್ಟೆಲ್ಲ ದೂರಿದರೂ ಫೋನನ್ನು ಮಾರದೆ ಇಟ್ಟುಕೊಂಡಿದ್ದೇನೆ. ಅದಕ್ಕೆ ಕಾರಣ ನಾನು ಕೊಳ್ಳುವಾಗ ಎಣಿಸದೇ ಇದ್ದ ಸಂಗತಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಒಡಲು ಮುಗಿಯುವಲ್ಲಿ ಅದರ ಎಳೆಗಳ ಕುಣಿಕೆಯೊಳಗೆ ಸೆರಗಿನ ರೇಷ್ಮೆ ಎಳೆಗಳ ಕುಣಿಕೆಯನ್ನು ಒಂದೊಂದಾಗಿ ಸಿಕ್ಕಿಸಿ ಮುಂದೆ ನೇಯುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತೇವೆ. ಬರಿಗಣ್ಣಿಗೆ ಅದು ಒಂದು ತೆಳುಗೆರೆ, ಅಷ್ಟೇ. ಹಳೆಯ ಫೋನಿನಲ್ಲಿಯೂ ಹತ್ತಿರದ ಚಿತ್ರಕ್ಕೆಂದು ಎರಡು ಮೆಗಾಪಿಕ್ಸೆಲ್ಲಿನ ಮ್ಯಾಕ್ರೋ ಲೆನ್ಸ್ ಇತ್ತು. ನಾಲ್ಕು ಬೆರಳಿಗಿಂತಲೂ ಹತ್ತಿರ ಹೋಗಬೇಕು, ಹೋದರೆ ಫೋನಿನ ನೆರಳೇ ಬಟ್ಟೆಯ ಮೇಲೆ ಬೀಳುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ಹೊಸ ಫೋನಿನ ಟೆಲಿಫೋಟೋ ಲೆನ್ಸನ್ನು ಮೊಳದಷ್ಟು ದೂರದಲ್ಲಿ ಹಿಡಿದರೂ ಆ ತೆಳುಗೆರೆ ಪರದೆಯ ಮೇಲೆ ಕುಣಿಕೆ ಕುಣಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಬಿಳಿಯ ಹತ್ತಿ ಎಳೆ ಬಾಗಿ ಕೆಂಪು ರೇಷ್ಮೆಯನ್ನು ಕೊಕ್ಕೆಯಂತೆ ಹಿಡಿದಿರುವುದು, ಹತ್ತಿಯ ಮೇಲಿನ ನವಿರು ಜುಂಗು ಸಹಿತ ಕಾಣುತ್ತದೆ.

ಮೊದಲ ಬಾರಿ ಇದನ್ನು ನಾನು ತೋರಿಸಿದ್ದು ನಮಗೆ ಸೀರೆ ನೇಯ್ದು ಕೊಡುವ ಕಾಕಾ ಒಬ್ಬರಿಗೆ. ಅವರು ಕುಣಿ ಮಗ್ಗದ ಗುಂಡಿಯಿಂದ ಕಾಲು ಮೇಲೆತ್ತಿ ಕುಳಿತು, ಚಸ್ಮಾ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ತಮ್ಮಾ, ನಲವತ್ತು ವರ್ಷ ನೇಯ್ದೀನಿ, ನನ್ನ ಕೊಂಡಿ ಇಷ್ಟು ದೊಡ್ಡದಾಗಿ ನಾನ ನೋಡಿದ್ದಿಲ್ಲ," ಎಂದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, ಒಂದು ಕುಣಿಕೆಯೊಳಗೆ ಎರಡು ಎಳೆ ಸಿಕ್ಕಿದ್ದನ್ನು ತಾವೇ ಹಿಡಿದು, "ಇದನ್ನ ಪುಣೇಕ ಕಳಸಬ್ಯಾಡ, ಇಲ್ಲೇ ಯಾರಿಗರ ಕಡಿಮಿಗೆ ಕೊಡು," ಎಂದರು. ಅಂದಿನಿಂದ ಅವರ ಪ್ರತಿಯೊಂದು ಸೀರೆಯನ್ನೂ ಮಡಿಕೆ ಹಾಕುವ ಮೊದಲು ಫೋನಿನಲ್ಲಿ ತೋರಿಸಬೇಕು. ನಾನು ಅವಸರದಲ್ಲಿದ್ದರೂ ಬಿಡುವುದಿಲ್ಲ. ಈಗ ಗಿರಾಕಿಗಳಿಗೆ ಕಳುಹಿಸುವ ಮೂರು ಫೋಟೋಗಳಲ್ಲಿ ಒಂದು ಕೊಂಡಿಯದೇ ಆಗಿರುತ್ತದೆ. ಸೀರೆಯನ್ನು ಬಲ್ಲವರು ಅದನ್ನು ನೋಡಿದ ಮೇಲೆ ಬೆಲೆಯ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ.

ಹಣದ ಲೆಕ್ಕಕ್ಕೆ ಬರುತ್ತೇನೆ. ಬಡ್ಡಿಯಿಲ್ಲದ ಕಂತು ಎಂದು ತಿಂಗಳಿಗೆ ₹7,000ದಂತೆ ಹನ್ನೆರಡು ಕಂತು ಕಟ್ಟಿದೆ. ಹೆಸರಿಗೆ ಬಡ್ಡಿಯಿಲ್ಲ, ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ಇಳಿಸುತ್ತಾರೆ, ಆದರೆ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ನಮ್ಮ ತಲೆಗೇ ಬರುತ್ತವೆ. ನನಗೆ ಅದು ಸುಮಾರು ₹1,500 ಆಯಿತು. ಬಿಲ್ಲನ್ನು ಅಂಗಡಿಯ ಜಿಎಸ್‌ಟಿ ಸಂಖ್ಯೆಗೆ ಮಾಡಿಸಿದ್ದರಿಂದ ಫೋನಿನ ಬೆಲೆಯಲ್ಲಿ ಅಡಗಿದ್ದ ತೆರಿಗೆ, ಅಂದರೆ ₹12,814, ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಅಂಗಡಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಆಗಿ ದೊರೆಯಿತು. ವ್ಯಾಪಾರಕ್ಕೆಂದು ಕೊಳ್ಳುವವರು ಕೌಂಟರಿನಲ್ಲಿಯೇ ಇದನ್ನು ಹೇಳಬೇಕು. ಬಿಲ್ಲು ಸ್ವಂತ ಹೆಸರಿಗೆ ಆದ ಮೇಲೆ ತಿದ್ದಿಸುವುದು ಪೀಕಲಾಟ. ಎಲ್ಲ ಕಳೆದು ಕೂಡಿದರೆ ನನ್ನ ಕೈಬಿಟ್ಟದ್ದು ಸುಮಾರು ₹72,700. ಸಾಧಾರಣ ಸೀರೆಯೊಂದರಲ್ಲಿ ನನಗುಳಿಯುವುದು ₹250 ಎಂದಿಟ್ಟುಕೊಂಡರೆ ಇದು 290 ಸೀರೆಗಳ ಲಾಭ, ಅಂದರೆ ವಾಟ್ಸಾಪಿನಲ್ಲಿ ಏಳು ತಿಂಗಳಿಗೂ ಮಿಕ್ಕಿದ ದುಡಿಮೆ.

ಹಿಂಬದಿಯ ಗಾಜು ಹನ್ನೊಂದನೆಯ ತಿಂಗಳಲ್ಲಿ ಮಗ್ಗದ ಮನೆಯ ಕಲ್ಲುಹಾಸಿನ ಮೇಲೆ ಬಿದ್ದು ಬಿರುಕು ಬಿಟ್ಟಿತು. ಅಧಿಕೃತ ಸರ್ವಿಸ್ ಸೆಂಟರಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ, ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿ ಹೇಳಿದ ಖರ್ಚಿನಲ್ಲಿ ಒಂದು ಹೊಸ ಸಾಧಾರಣ ಫೋನೇ ಬರುತ್ತಿತ್ತು. ಬಿರುಕಿನ ಮೇಲೆ ಕವರು ಹಾಕಿಕೊಂಡು ಮರಳಿ ಬಂದೆ, ಈಗಲೂ ಹಾಗೆಯೇ ಇದೆ. ಏಳು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುತ್ತೇವೆಂಬ ಮಾತನ್ನು ಈ ದರ್ಜೆಯ ಕೆಲವು ಫೋನುಗಳವರು ಕೊಡುತ್ತಿದ್ದಾರೆ, ನನ್ನದಕ್ಕೂ ಕೊಟ್ಟಿದ್ದಾರೆ. ಬ್ಯಾಟರಿಯ ಸಾಮರ್ಥ್ಯ ಮಾತ್ರ ಹದಿನೈದು ತಿಂಗಳಿಗೆ 91%ಕ್ಕೆ ಇಳಿದಿದೆ. ಏಳು ವರ್ಷದ ಮಾತಿನಲ್ಲಿ ಬ್ಯಾಟರಿಯ ಮಾತು ಸೇರಿಲ್ಲ.

ಕಳೆದ ತಿಂಗಳು ಗುಳೇದಗುಡ್ಡದಿಂದ ನಮ್ಮ ಅಳಿಯ ಬಂದಿದ್ದ. ಅವನದು ಖಣದ, ಅಂದರೆ ರವಿಕೆ ಬಟ್ಟೆಯ ವ್ಯಾಪಾರ. ನನ್ನ ಕೊಂಡಿಯ ಫೋಟೋಗಳನ್ನು ನೋಡಿ ಅವನಿಗೂ ಇದೇ ಫೋನು ಬೇಕೆನಿಸಿತ್ತು. "ಮಾಮಾ, ತಗೊಳ್ಳಲೋ ಬ್ಯಾಡೋ, ಒಂದು ಮಾತಿನ್ಯಾಗ ಹೇಳ್ರಿ," ಎಂದ. ಒಂದು ಮಾತಿನಲ್ಲಿ ಹೇಳಲಾಗಲಿಲ್ಲ. ಎರಡು ಕೆಂಪು ಖಣ, ಒಂದು ಬಿಳಿ ಕರವಸ್ತ್ರ, ಕುಂಕುಮದ ಪೊಟ್ಟಣ ಚೀಲದಲ್ಲಿ ಹಾಕಿಕೊಂಡು ಅವನ ಜೊತೆ ಬಾಗಲಕೋಟೆಗೆ ಹೋದೆ. ಅಂಗಡಿಯ ಹುಡುಗ ಮೆಗಾಪಿಕ್ಸೆಲ್ ಎಣಿಸುತ್ತಿದ್ದರೆ ನಾವು ಗಾಜಿನ ಬಾಗಿಲ ಬಳಿ, ಹೊರಗಿನ ಬೆಳಕು ಬೀಳುವಲ್ಲಿ ಖಣ ಹರವಿ, ಒಂದರ ನಂತರ ಒಂದು ಐದು ಫೋನುಗಳಲ್ಲಿ ಅದೇ ಸೂಜಿ ಮಲ್ಲಿಗೆಯ ಬುಟ್ಟಾದ (ನೇಯ್ದ ಹೂವಿನ) ಫೋಟೋ ತೆಗೆದೆವು. ಅಳಿಯ ಕೊನೆಗೆ ಕೊಂಡದ್ದು ₹36,000ದ್ದು; ಟೆಲಿಫೋಟೋ ಲೆನ್ಸ್ ಅದರಲ್ಲಿಯೂ ಇತ್ತು, ಬುಟ್ಟಾದ ಎಳೆ ನನ್ನ ಫೋನಿನಷ್ಟು ಬಿಡಿಬಿಡಿಯಾಗಿ ಅಲ್ಲದಿದ್ದರೂ ಎಣಿಸುವಷ್ಟು ಕಾಣುತ್ತಿತ್ತು. ಕುಂಕುಮದ ಪೊಟ್ಟಣವನ್ನು ಅವನೇ ಇಟ್ಟುಕೊಂಡ.