ಜೋಕರ್ ಮುಖಕ್ಕೆ ಸಫೇದವೋ, ಗ್ರೀಸ್ ಪೇಂಟೋ, ನೀರಿನ ಬಣ್ಣವೋ?

ಗ್ಯಾದರಿಂಗ್, ಅಂದರೆ ಕಾಲೇಜು ವಾರ್ಷಿಕೋತ್ಸವದ ಸೀಸನ್ ಬಂತೆಂದರೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಾಲೇಜುಗಳ ಸ್ಟೇಜಿಗೆ ಒಬ್ಬ ಜೋಕರ್ ಹತ್ತೇ ಹತ್ತುತ್ತಾನೆ. ಹೆಚ್ಚಿನ ಹುಡುಗರಿಗೆ ಬೇಕಾದದ್ದು 2008ರ ಬ್ಯಾಟ್‌ಮನ್ ಸಿನಿಮಾ ‘ದಿ ಡಾರ್ಕ್ ನೈಟ್’ನಲ್ಲಿ ಹೀತ್ ಲೆಜರ್ ಮಾಡಿದ ಖಳ ಜೋಕರ್. ಬಿಳಿ ಮುಖ, ಕಣ್ಣಿಗೆ ಎರಡು ಕರೀ ಕುಳಿ, ಕೆಂಪು ಬಾಯಿ, ಅದೇನು ಮಹಾ ಎಂದು ಹಚ್ಚಿಕೊಂಡು ಬಂದರೆ ಸರ್ಕಸ್ಸಿನ ಬಫೂನ್ ಕಾಣುತ್ತಾನೆ. ಸಿನಿಮಾದಲ್ಲಿ ಮೇಕಪ್ ಮಾಡಿದ ಜಾನ್ ಕ್ಯಾಗ್ಲಿಯೋನ್, ಲೆಜರ್ ಹಣೆ ಗಂಟಿಕ್ಕಿ ಕಣ್ಣು ಕಿರಿದು ಮಾಡಿ ಕೂತಿದ್ದಾಗಲೇ ಬಿಳಿ ಹಚ್ಚುತ್ತಿದ್ದರು. ಮುಖ ಸಡಿಲಿಸಿದೊಡನೆ ಸುಕ್ಕಿನೊಳಗೆ ಬಣ್ಣ ತಾಗದೆ ಉಳಿದ ಚರ್ಮ ಗೆರೆಗೆರೆಯಾಗಿ ಎದ್ದು ಕಾಣುತ್ತಿತ್ತು. ಆ ಒಡಕು ಯಾವ ಬಣ್ಣದಲ್ಲಿ ಚೆನ್ನಾಗಿ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೇ ಅಳತೆಗೋಲು ಮಾಡಿಕೊಂಡು ಮೂರು ಬಿಳಿಗಳನ್ನು ಹಚ್ಚಿ ನೋಡಿದ್ದೇವೆ.

ಮೊದಲು ಸಫೇದ, ಅಂದರೆ ಝಿಂಕ್ ಆಕ್ಸೈಡಿನ ಬಿಳಿ ಪುಡಿ. ಬಾದಾಮಿಯ ಬನಶಂಕರಿ ಜಾತ್ರೆಗೆ ಬಂದು ಠಿಕಾಣಿ ಹೂಡುವ ನಾಟಕ ಕಂಪನಿಗಳ ಬಣ್ಣದ ಪೆಟ್ಟಿಗೆಯ ಹಳೇ ಸರಕು ಇದು. ಪೇಂಟಿನ ಅಂಗಡಿಯಲ್ಲಿ ಕೊಳ್ಳಬೇಡಿ, ಸೀಸದ ಬಿಳಿ ಕೈಗೆ ಬಂದರೆ ಅದು ವಿಷ. ಔಷಧದ ಅಂಗಡಿಯಲ್ಲಿ ‘ಝಿಂಕ್ ಆಕ್ಸೈಡ್ ಐ.ಪಿ.’ (ಔಷಧ ದರ್ಜೆಯದು) ಎಂದು ಬಿಡಿಸಿ ಕೇಳಿ. ಒಂದು ಮುಖಕ್ಕೆ ಎರಡು ಚಹಾ ಚಮಚ ಪುಡಿ ಸಾಕು. ಅದಕ್ಕೆ ಕೊಬ್ಬರಿ ಎಣ್ಣೆಯನ್ನು ಹನಿಹನಿಯಾಗಿ ಹಾಕುತ್ತ, ಚಪ್ಪಟೆ ತಟ್ಟೆಯಲ್ಲಿ ಚಮಚದ ಬೆನ್ನಿನಿಂದ ಒತ್ತಿ ಅರೆಯಬೇಕು. ಸುಮಾರು ಒಂದು ಚಮಚ ಎಣ್ಣೆ ಹಿಡಿಯುತ್ತದೆ. ಅರೆಯುವುದರಲ್ಲಿ ಸೋಮಾರಿತನ ಮಾಡಿದರೆ ಗಂಟು ಉಳಿದು, ಹಚ್ಚಿದ ಮೇಲೆ ಮುಖದ ಮೇಲೆ ಸುಣ್ಣದ ಕಣದಂತೆ ಕಾಣುತ್ತವೆ. ಒಂದು ಚಿಟಿಕೆ ಮುಲ್ತಾನಿ ಮಿಟ್ಟಿ ಬೆರೆಸಿದರೆ ಟ್ಯೂಬ್‌ಲೈಟಿನಂಥ ಬಿಳುಪು ಹೋಗಿ ಕೊಳಕು ಬಿಳಿ ಬರುತ್ತದೆ. ಲೆಜರ್‌ನ ಜೋಕರ್‌ಗೆ ಬೇಕಾದದ್ದೂ ಅದೇ.

ಸಫೇದದ ಒಡಕಿಗೆ ಸಾಟಿಯಿಲ್ಲ. ಹಣೆ ಗಂಟಿಕ್ಕಿ ಸ್ಪಂಜಿನಿಂದ ತಟ್ಟಿ, ಗಂಟು ಬಿಡಿಸಿದರೆ ಗೆರೆಗಳು ಒಣಗಿದ ಕೆರೆಯಂಗಳದ ಹಾಗೆ ಹರಡಿಕೊಳ್ಳುತ್ತವೆ. ಆದರೆ ಹವೆಯ ಜೊತೆ ಅದರ ಜಗಳ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್-ಜನವರಿಯ ಬೆಳಗಾವಿ ರಾತ್ರಿಯಲ್ಲಿ ಮಿಶ್ರಣ ಗಟ್ಟಿಯಾಗಿ, ಚರ್ಮಕ್ಕೆ ಅಂಟದೆ ಸ್ಪಂಜಿನ ಜೊತೆ ಎದ್ದು ಬರುತ್ತದೆ. ತಟ್ಟೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟುಕೊಂಡೇ ಹಚ್ಚಬೇಕು. ವಿಜಯಪುರದ ಮಾರ್ಚ್ ಬಿಸಿಲಿನಲ್ಲಿ ಇದರ ಉಲ್ಟಾ. ಎಣ್ಣೆ ತೆಳುವಾಗಿ ಬಿಳಿ ಹುಬ್ಬಿನಿಂದ ಕಣ್ಣಿಗೆ ಜಾರುತ್ತದೆ. ಅಲ್ಲಿ ಎಣ್ಣೆಯನ್ನು ಮುಕ್ಕಾಲು ಚಮಚಕ್ಕಿಳಿಸಿ.

ಗ್ರೀಸ್ ಪೇಂಟ್, ಅಂದರೆ ಜಿಡ್ಡು-ಮೇಣ ಬೆರೆತ ಬಣ್ಣ, ಸಿದ್ಧ ಸರಕು. ಸ್ಟಿಕ್ಕಿನಲ್ಲೋ ಡಬ್ಬಿಯಲ್ಲೋ ಸಿಗುತ್ತದೆ, ಅರೆಯುವ ರಗಳೆಯಿಲ್ಲ. ಮೇಣ ಇರುವುದರಿಂದ ಸಫೇದದಷ್ಟು ಜಾರುವುದಿಲ್ಲ. ಇದರ ದೊಡ್ಡ ಗುಣ ಕರಿಯನ್ನು ಬಿಳಿಯೊಳಗೆ ಬೆರಳಿನಿಂದ ಎಳೆಯಲು ಬರುವುದು. ಲೆಜರ್‌ನ ಕಣ್ಣಿನ ಸುತ್ತ ಕರಿಗೂ ಬಿಳಿಗೂ ನಡುವೆ ಗಡಿಯೇ ಇಲ್ಲ, ಬೂದಿ ಬಣ್ಣವಾಗಿ ಕರಗಿಹೋಗುತ್ತದೆ. ಬಿಳಿ ಇನ್ನೂ ಹಸಿಯಿರುವಾಗ ಹುಬ್ಬು ಸೇರಿಸಿ ಕಣ್ಣಗುಳಿಯ ತುಂಬ ಕರಿ ಒತ್ತಿ, ಉಂಗುರದ ಬೆರಳಿನಿಂದ ಹೊರಕ್ಕೆ ಎರಡೇ ಎಳೆತ ಎಳೆಯಿರಿ. ಮೂರನೆಯದಕ್ಕೆ ಕೆನ್ನೆಯೆಲ್ಲ ಬೂದಿಯಾಗುತ್ತದೆ. ರೆಪ್ಪೆಯ ಒಳಅಂಚಿಗೆ ಮಾತ್ರ ಹೋಗಬೇಡಿ, ಕಣ್ಣೀರು ಬಂದರೆ ಅಷ್ಟೂ ಕೆಲಸ ಹಾಳು.

ಗ್ರೀಸ್ ತಾನಾಗಿ ಒಣಗುವುದಿಲ್ಲ, ಪೌಡರ್ ಒತ್ತಲೇಬೇಕು. ಎಲ್ಲರೂ ಎಡವುವುದು ಇಲ್ಲೇ: ಮುಖದ ತುಂಬ ಪೌಡರ್ ಒತ್ತಿ ಹಣೆಯ ಗೆರೆಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಟಾಲ್ಕಂ ಪೌಡರನ್ನು ಪಫ್‌ನಿಂದ ಕೆನ್ನೆ, ದವಡೆ, ಕುತ್ತಿಗೆಯ ಅಂಚಿಗೆ ಮಾತ್ರ ಒತ್ತಿ, ಹಣೆಯನ್ನು ಹಸಿಯಾಗಿಯೇ ಬಿಡಿ.

ನೀರಿನ ಬಣ್ಣ, ಅಂದರೆ ಒದ್ದೆ ಬ್ರಷ್ಷಿನಿಂದ ಎತ್ತಿ ಹಚ್ಚುವ ಫೇಸ್ ಪೇಂಟ್ ಕೇಕ್, ಹಚ್ಚಲು ಎಲ್ಲಕ್ಕಿಂತ ಸುಲಭ, ತೊಳೆಯಲೂ ಸುಲಭ. ನೋಡಲೂ ನೀಟು. ನಮ್ಮ ತಕರಾರೂ ಆ ನೀಟಿನ ಮೇಲೆಯೇ. ಎರಡು ನಿಮಿಷದಲ್ಲಿ ಒಣಗಿಬಿಡುವುದರಿಂದ ಕರಿಯನ್ನು ಎಳೆಯಲು ಹೋದರೆ ಅಡಿಯ ಬಿಳಿಯೂ ಎದ್ದು ಬರುತ್ತದೆ. ಬೆವರಿಗಂತೂ ಶರಣು. ಹಾಲೊಜೆನ್ ದೀಪದ ಕೆಳಗೆ ಒಂದು ಕುಣಿತ ಮುಗಿಯುವಷ್ಟರಲ್ಲಿ ಕರಿ ಗದ್ದದವರೆಗೆ ಇಳಿದು, ಮುಂದಿನ ಸಾಲಿನಿಂದ ‘ಏ, ಜೋಕರ್ ಅಳಾಕತ್ಯಾನಲೇ’ ಎಂಬ ಕೂಗು ಏಳುತ್ತದೆ. ಹಾಗಂತ ಇದನ್ನು ಮೂಲೆಗೆ ಎಸೆಯಬೇಕಿಲ್ಲ. 2019ರ ‘ಜೋಕರ್’ ಸಿನಿಮಾದ ವಾಕೀನ್ ಫೀನಿಕ್ಸ್ ಮುಖ ಬೇಕೆಂದರೆ ಇದೇ ಸರಿ. ಅಲ್ಲಿ ಕಣ್ಣಿನ ಮೇಲೆ ಕೆಳಗೆ ನೀಲಿ ಚೂಪು, ಕೆಂಪು ಹುಬ್ಬು, ಕೆಂಪು ಮೂಗು ಎಲ್ಲಕ್ಕೂ ಗಡಿ ಬೇಕು. ಗ್ರೀಸಿನಲ್ಲಿ ಅಷ್ಟು ಚೂಪಾದ ಅಂಚು ತೆಗೆಯುವುದು ಕಷ್ಟ.

ಕೆಂಪಿಗೆ ಕುಂಕುಮ ಹಚ್ಚುವವರಿದ್ದಾರೆ. ಬೇಡ. ಬೆವರಿಗೆ ಹರಿದು ಗದ್ದ ಕೆಂಪಾಗುತ್ತದೆ, ಮರುದಿನವೂ ಕಲೆ ಹೋಗುವುದಿಲ್ಲ. ಮ್ಯಾಟ್ ಲಿಪ್‌ಸ್ಟಿಕ್ಕಿಗಿಂತ ಜಿಡ್ಡಿನ ಅಗ್ಗದ ಲಿಪ್‌ಸ್ಟಿಕ್ಕೇ ಇಲ್ಲಿ ಮೇಲು, ಬೆರಳಿಗೆ ಚೆನ್ನಾಗಿ ಹರಡುತ್ತದೆ.

ಇನ್ನು ಲೆಜರ್‌ನ ಜೋಕರ್‌ಗೆ ಬಾಯಿಯ ಮೂಲೆಯಿಂದ ಕೆನ್ನೆಗೆ ಹರಿದ ಗಾಯದ ಗುರುತು. ‘ದಿ ಡಾರ್ಕ್ ನೈಟ್’ನಲ್ಲಿ ಕಾನರ್ ಓ’ಸಲಿವನ್ ಮಾಡಿದ ಸಿಲಿಕೋನ್ ತುಂಡುಗಳನ್ನು ಅಂಟಿಸಿದ್ದರು. ಈ ಸಿನಿಮಾದ ಮೇಕಪ್‌ಗೆ ಅವರಿಗೂ ಕ್ಯಾಗ್ಲಿಯೋನ್‌ಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ನಮ್ಮ ಕೈಗೆ ಎಟುಕುವವು ಎರಡು: ಕೊಲೋಡಿಯನ್ ಎಂಬ ಅಂಟುದ್ರವ ಮತ್ತು ಲಿಕ್ವಿಡ್ ಲೇಟೆಕ್ಸ್, ಅಂದರೆ ದ್ರವ ರಬ್ಬರ್. ಕೊಲೋಡಿಯನ್ ಒಣಗುತ್ತ ಚರ್ಮವನ್ನು ಒಳಕ್ಕೆ ಎಳೆದು ಕುಳಿ ಮಾಡುತ್ತದೆ. ಜೋಕರ್‌ನ ಗಾಯ ಉಬ್ಬಿದ್ದು, ಹಾಗಾಗಿ ಇದು ಆಗದ ಮಾತು. ಜೊತೆಗೆ ಈಥರ್ ಇರುವುದರಿಂದ ಬೆಂಕಿಗೆ ತಕ್ಷಣ ಹತ್ತಿಕೊಳ್ಳುತ್ತದೆ. ಲೇಟೆಕ್ಸ್ ಆದರೆ ಹರಿದ ಟಿಶ್ಯೂ ಕಾಗದದ ಎಳೆಯನ್ನು ಬತ್ತಿಯಂತೆ ಹೊಸೆದು, ಬಾಯಿಯ ಮೂಲೆಯಿಂದ ಕೆನ್ನೆಗೆ ಇಟ್ಟು, ಮೇಲೆ ಮೂರು ಪದರ ಹಚ್ಚಿ. ಪ್ರತಿ ಪದರ ಪೂರ್ತಿ ಒಣಗಿ ಪಾರದರ್ಶಕವಾದ ಮೇಲೆಯೇ ಮುಂದಿನದು. ಎರಡೂ ಕೆನ್ನೆಗೆ ಒಂದೇ ಅಚ್ಚು ಬೇಡ, ಸಿನಿಮಾದಲ್ಲೂ ಎರಡು ಕಡೆ ಬೇರೆ ಬೇರೆ ಇವೆ, ಕೆಳತುಟಿಯ ಮೇಲೂ ಒಂದು ಗುರುತಿದೆ. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ ಅಲರ್ಜಿ ನೋಡಿಕೊಳ್ಳಿ. ಗಡ್ಡವನ್ನೂ ಹಿಂದಿನ ರಾತ್ರಿಯೇ ಬೋಳಿಸಿ. ಕೂದಲಿದ್ದರೆ ಕೀಳುವಾಗ ಜೀವ ಹೋಗುತ್ತದೆ, ಆಗಷ್ಟೇ ಬೋಳಿಸಿದ್ದರೆ ಉರಿಯುತ್ತದೆ.

ಲೇಟೆಕ್ಸಿಗೂ ಎಣ್ಣೆಗೂ ಮಾತ್ರ ಹಗೆ. ಜಿಡ್ಡಿನ ಚರ್ಮಕ್ಕೆ ಅಂಟುವುದಿಲ್ಲ, ಆದ್ದರಿಂದ ಗಾಯ ಮೊದಲು, ಬಿಳಿ ಆಮೇಲೆ. ಬಿಳಿ ಹಚ್ಚುವ ಮುನ್ನ ಗಾಯದ ಮೇಲೆ ಪೌಡರ್ ಉದುರಿಸಿ. ಆದರೂ ಸಫೇದದ ಎಣ್ಣೆ ಕೆಲವು ತಾಸಿನಲ್ಲಿ ಅಂಚನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಗ್ರೀಸಿನಲ್ಲಿ ಈ ಕಾಟ ತುಸು ಕಡಿಮೆ. ನಮ್ಮ ಆಯ್ಕೆ ಹೀಗೆ ನಿಂತಿದೆ: ಒಂದು ಸ್ಕಿಟ್, ಹದಿನೈದು ನಿಮಿಷ, ಗಾಯ ಬೇಡವೆಂದರೆ ಸಫೇದ. ಗಾಯ ಸಹಿತ ಇಡೀ ಸಂಜೆ ನಿಲ್ಲಬೇಕೆಂದರೆ ಗ್ರೀಸ್.

ಕೂದಲಿಗೆ ಹಸಿರು ಸ್ಪ್ರೇ ನಮ್ಮ ಕರೀ ಕೂದಲಿನ ಮೇಲೆ ಕಾಣುವುದೇ ಇಲ್ಲ, ಬಣ್ಣದ ಹೇರ್ ವ್ಯಾಕ್ಸ್ ಕಾಣುತ್ತದೆ. ಅದು ಬಾಡಿಗೆಗೆ ತಂದ ನೇರಳೆ ಕೋಟಿನ ಕಾಲರಿಗೆ ಹತ್ತುವುದರಿಂದ ಕಾಲರಿನ ಒಳಗೆ ಕರವಸ್ತ್ರ ಪಿನ್ ಮಾಡಿ. ಬಣ್ಣ ತೆಗೆಯುವಾಗ ಸಫೇದಕ್ಕೂ ಗ್ರೀಸಿಗೂ ಮೊದಲು ನೀರು ತಾಗಿಸಬೇಡಿ. ಒಣಮುಖಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ, ಹಳೇ ಅರಿವೆಯಿಂದ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ.